ಕಾಡಿಗೆ ಹೋಗಬೇಡಿ ಎಂದರೆ ಸಾಲದು

ನಡುವಯಸ್ಸಿನಲ್ಲಿ ವೃತ್ತಿ ಬದಲಿಸುವವರನ್ನು ನಮ್ಮ ಸಮಾಜ ಇಂದಿಗೂ ಅನುಮಾನದಿಂದಲೇ ನೋಡುತ್ತದೆ. ಹದಿನೈದು ವರ್ಷಗಳ ಬ್ಯಾಂಕ್ ಉದ್ಯೋಗ ಬಿಟ್ಟು ಸಾರ್ವಜನಿಕ ಆರೋಗ್ಯ ಸಂವಹನದ ಕಡೆಗೆ ಹೊರಳಿದ ನನ್ನ ಪರಿಚಿತರೊಬ್ಬರೂ ಇದಕ್ಕೆ ಹೊರತಾಗಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಒಂದು ಬೇಸಿಗೆಯನ್ನು ಇಂಟರ್ನ್ ಆಗಿ ಕಳೆದು ಬಂದ ಅವರ ಅನುಭವ ಕೇಳಿದ ಮೇಲೆ, ಅವರಿಗೆ ಈ ವೃತ್ತಿ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಾಗಿ ಈ ವೃತ್ತಿಗೆ ಅಂಥವರು ಬೇಕು ಎಂದೆನಿಸಿತು.

ಅವರಿಗೆ ವಹಿಸಿದ್ದು ಮಂಗನ ಕಾಯಿಲೆಯ ಬಗೆಗಿನ ಜಾಗೃತಿ ಕಾರ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ವೈರಾಣು ರೋಗ ನೆರೆಯ ಸಿದ್ದಾಪುರವನ್ನು ಮತ್ತೆ ಮತ್ತೆ ಬಾಧಿಸಿದೆ. 2024ರ ಆರಂಭದಲ್ಲಿಯೂ ಅಲ್ಲಿ ಸಾವುಗಳು ಸಂಭವಿಸಿದವು. ರೋಗ ತಗುಲಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆಂಬುದು ವೈದ್ಯಕೀಯ ಅಂದಾಜು. ಇದಕ್ಕೆಂದೇ ಪ್ರತ್ಯೇಕ ಔಷಧವಿಲ್ಲ. ಪರಿಣಾಮಕಾರಿಯಲ್ಲವೆಂಬ ಕಾರಣಕ್ಕೆ ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಹೊಸ ಲಸಿಕೆ ಹಳ್ಳಿಗಳನ್ನು ತಲುಪುವವರೆಗೆ ಉಳಿದಿರುವ ರಕ್ಷಣೆಯೆಂದರೆ ಮೈಗೆ ಹಚ್ಚುವ ಡೆಪಾ ತೈಲ, ಮೈಮುಚ್ಚುವ ಬಟ್ಟೆ ಮತ್ತು ತಿಳಿವಳಿಕೆ ಮಾತ್ರ. ಅಂದರೆ ಇಲ್ಲಿ ಮಾತೂ ಒಂದು ಮದ್ದು.

ತೊಡಕು ಹೆಸರಿನಿಂದಲೇ ಆರಂಭವಾಗುತ್ತದೆ. ಮನುಷ್ಯನಿಗೆ ರೋಗ ತಗುಲಿಸುವುದು ಉಣುಗು. ಮಂಗವೂ ನಮ್ಮಂತೆಯೇ ಅದರ ಬಲಿಪಶು. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳು ಸುತ್ತಲಿನ ನೆಲಕ್ಕೆ ಇಳಿಯುವುದರಿಂದ, ಮಂಗದ ಸಾವು ಊರಿಗೆ ಮೊದಲ ಎಚ್ಚರಿಕೆ. ಕೆಪ್ಪಟೆ ಊದುವ 'ಮಂಗನ ಬಾವು' ಬೇರೆಯೇ ರೋಗ. 2022ರಲ್ಲಿ ಸುದ್ದಿಯಾದ ಮಂಕಿಪಾಕ್ಸ್ ಮತ್ತೊಂದು. ಮಂಗನ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲವೆಂಬ ಸರಳ ಸಂಗತಿಯನ್ನೂ ಬಿಡಿಸಿ ಹೇಳದಿದ್ದರೆ ರೋಗಿಯ ಮನೆಯೇ ಬಹಿಷ್ಕಾರಕ್ಕೊಳಗಾದೀತು.

ಇನ್ನು 'ಕಾಡಿಗೆ ಹೋಗಬೇಡಿ' ಎಂಬ ಉಪದೇಶ. ಈ ರೋಗದ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಕೊಟ್ಟಿಗೆಗೆ, ಗೊಬ್ಬರಕ್ಕೆ ಬೇಕಾದ ದರಕು ಗುಡಿಸುವುದೂ ಮಳೆಗಾಲದ ಸೌದೆ ಕೂಡಿಡುವುದೂ ಅದೇ ತಿಂಗಳುಗಳಲ್ಲಿ. ಸೊಪ್ಪಿನ ಬೆಟ್ಟವಿಲ್ಲದೆ ಅಡಿಕೆ ತೋಟವಿಲ್ಲ. ಕಾಡಿಲ್ಲದೆ ಯಲ್ಲಾಪುರದ ಗೌಳಿಗರ ದನಗಳಿಗೆ ಮೇವಿಲ್ಲ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಈ ಉಪದೇಶ ಪಾಲಿಸಲು ಕೂಲಿಯ ಹೆಣ್ಣುಮಗಳು ತೆರಬೇಕಾದ ಬೆಲೆ ಅವಳ ಆ ದಿನದ ದುಡಿಮೆ. ಆ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದವರು ಬರೆದ ಕರಪತ್ರವನ್ನು ಅವಳು ನಿರ್ಲಕ್ಷಿಸಿದರೆ ಅದನ್ನು ಅಜ್ಞಾನವೆನ್ನಲಾಗದು.

ಬ್ಯಾಂಕಿನ ಅನುಭವ ನೆರವಿಗೆ ಬಂದದ್ದು ಇಲ್ಲಿ. ಸಾಲದ ಕಾಗದಕ್ಕೆ ತಲೆಯಾಡಿಸಿ ಸಹಿ ಹಾಕಿದವರೆಲ್ಲ ಅದರ ಷರತ್ತನ್ನು ಅರಿತಿರುವುದಿಲ್ಲವೆಂದು ನನ್ನ ಪರಿಚಿತರು ಬಲ್ಲವರು. ಹೀಗಾಗಿ ಸಭೆಗಳಲ್ಲಿ 'ತಿಳಿಯಿತೇ?' ಎಂದು ಕೇಳುವ ಬದಲು 'ನಾಳೆ ಬೆಳಿಗ್ಗೆ ಏನು ಮಾಡುತ್ತೀರಿ?' ಎಂದು ಕೇಳತೊಡಗಿದರು. ಉತ್ತರಗಳನ್ನು ಆಲಿಸುತ್ತ ಸಂದೇಶವೇ ಬದಲಾಯಿತು: ಹೋಗುವ ಮುನ್ನ ತೈಲ ಹಚ್ಚಿ, ಮರಳಿದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನೂ ಅದರಲ್ಲೇ ಒಗೆಯಿರಿ, ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಹವ್ಯಕರ ಕನ್ನಡ, ಸಿದ್ದಿಗಳ ಕೊಂಕಣಿ, ಗೌಳಿಗರ ಮರಾಠಿ ಒಟ್ಟಿಗೆ ಬಾಳುವ ಸೀಮೆಯಲ್ಲಿ ಇದನ್ನು ಮನೆಮನೆಗೆ ಮುಟ್ಟಿಸುವವರು ಆಶಾ ಕಾರ್ಯಕರ್ತೆಯರು. ಅವರಿಂದ ಕಲಿಯುವ ವಿನಯ ಇಂಟರ್ನ್‌ಗೆ ಇರಬೇಕು.

ಸರ್ಕಾರ ತಾಲ್ಲೂಕು ಮಟ್ಟದಲ್ಲಿ ಇಂಥ ಆರು ತಿಂಗಳ ಅವಕಾಶಗಳನ್ನು, ಬದುಕಲು ಸಾಲುವಷ್ಟು ಭತ್ಯೆಯೊಂದಿಗೆ ಕಲ್ಪಿಸಬೇಕು. ಭತ್ಯೆಯಿಲ್ಲದಿದ್ದರೆ ವೃತ್ತಿ ಬದಲಾವಣೆ ಉಳ್ಳವರ ಹವ್ಯಾಸವಾಗಿಯೇ ಉಳಿಯುತ್ತದೆ. ನೇಮಕ ನವೆಂಬರಿನೊಳಗೆ ಮುಗಿಯಲಿ. ಮೊದಲ ಮಂಗ ಸತ್ತ ಮೇಲೆ ಅಚ್ಚಿಗೆ ಹೋಗುವ ಕರಪತ್ರ ಯಾರ ಜೀವವನ್ನೂ ಉಳಿಸಲಾರದು.