ತೆರೆದ ಬಾಗಿಲಿನ ಒಳಗೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಪೆಸಿಫಿಕ್ ಸಾಗರದ ದಡಕ್ಕೆ ಲಾಂಗ್ ಬೀಚ್ ಎಂಬ ನಗರವಿದೆ. ಅಲ್ಲಿಯ ಸಿಟಿ ಕಾಲೇಜು 1927ರಲ್ಲಿ ಸ್ಥಾಪನೆಯಾದುದು. ವಿದ್ಯಾರ್ಥಿಗಳು ತಮ್ಮ ಕಾರುಗಳನ್ನು ನಿಲ್ಲಿಸುವುದಕ್ಕೆಂದು ಕಾಲೇಜು ಒಂದು ಕಟ್ಟಡವನ್ನು ಕಟ್ಟಿಸಿದೆ. 2021ರಲ್ಲಿ ಆ ಕಟ್ಟಡಕ್ಕೆ ಇನ್ನೊಂದು ಹೊಣೆ ಬಂದಿತು. ಮನೆಯಿಲ್ಲದೆ ತಮ್ಮ ಕಾರಿನಲ್ಲಿಯೇ ರಾತ್ರಿಗಳನ್ನು ಕಳೆಯುತ್ತಿದ್ದ ವಿದ್ಯಾರ್ಥಿಗಳು ಇನ್ನು ಮುಂದೆ ಅಲ್ಲಿ ನಿರ್ಭಯವಾಗಿ ಮಲಗಬಹುದೆಂದು ಕಾಲೇಜು ಅನುಮತಿ ನೀಡಿತು. ಕಾವಲಿನ ವ್ಯವಸ್ಥೆಯಾಯಿತು, ಶೌಚಾಲಯ ದೊರೆಯಿತು, ಪಾಠ ಓದಿಕೊಳ್ಳಲು ವೈ-ಫೈ ಸೌಕರ್ಯ ಒದಗಿತು, ಬೆಳಗಾದರೆ ಸ್ನಾನ ಮಾಡಿ ತರಗತಿಗೆ ಹೋಗಲು ಅನುಕೂಲವಾಯಿತು.

ಸಿರಿವಂತ ದೇಶವೆಂದು ಲೋಕವೆಲ್ಲ ಹೊಗಳುವ ಅಮೆರಿಕದಲ್ಲಿ ಹೀಗೂ ಉಂಟೆ ಎಂದು ಓದುಗರಿಗೆ ಬೆರಗಾಗಬಹುದು. ಆದರೆ ಕಾಲೇಜಿನ ಮುಂದಿದ್ದ ಪ್ರಶ್ನೆ ಬೆರಗಿನದಲ್ಲ, ಕರ್ತವ್ಯದ್ದು. ಪಾಠ ಹೇಳುವುದಷ್ಟೇ ಕಾಲೇಜಿನ ಕೆಲಸವೇ, ಅಥವಾ ಪಾಠ ಕೇಳಲು ಬಂದವನು ಕೊನೆಯವರೆಗೂ ಕುಳಿತು ಕೇಳುವಂತೆ ಮಾಡುವುದೂ ಅದರ ಕೆಲಸವೇ? ಅಮೆರಿಕದ ಸಮುದಾಯ ಕಾಲೇಜುಗಳ ಇತ್ತೀಚಿನ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ಬೆಳೆದು ಬಂದಿದೆ.

ಆರು ಮಂದಿಯಿಂದ ಆರಂಭ

ಸಮುದಾಯ ಕಾಲೇಜು, ಅಲ್ಲಿಯವರ ಮಾತಿನಲ್ಲಿ ಕಮ್ಯೂನಿಟಿ ಕಾಲೇಜು, ಎಂದರೆ ಎರಡು ವರ್ಷಗಳ ವ್ಯಾಸಂಗದ ವಿದ್ಯಾಲಯ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ ಇದರ ಬೀಜ ಬಿದ್ದಿತು. ಊರಿನ ಪ್ರೌಢಶಾಲೆಯ ಮುಖ್ಯಾಧಿಕಾರಿ ಜೆ. ಸ್ಟಾನ್ಲಿ ಬ್ರೌನ್ ಮತ್ತು ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಇಬ್ಬರೂ ಆಲೋಚಿಸಿ, ಮನೆಬಿಟ್ಟು ದೂರ ಹೋಗಲಾರದ ಹುಡುಗರಿಗೆ ಕಾಲೇಜಿನ ಮೊದಲ ಎರಡು ವರ್ಷಗಳ ಪಾಠವನ್ನು ಊರಿನಲ್ಲಿಯೇ ಹೇಳಿಸುವ ಏರ್ಪಾಟು ಮಾಡಿದರು. ಮೊದಲು ಸೇರಿದವರು ಆರೇ ಮಂದಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಆಯೋಗವೊಂದು ಇಂಥ ಕಾಲೇಜುಗಳು ದೇಶದಲ್ಲೆಲ್ಲ ಹರಡಬೇಕೆಂದು ಶಿಫಾರಸು ಮಾಡಿತು. ‘ಸಮುದಾಯ ಕಾಲೇಜು’ ಎಂಬ ಹೆಸರು ಬಳಕೆಗೆ ಬಂದದ್ದೂ ಮುಖ್ಯವಾಗಿ ಆ ವರದಿಯಿಂದಲೇ. ಇಂದು ಅಲ್ಲಿ ಸುಮಾರು ಸಾವಿರ ಸಮುದಾಯ ಕಾಲೇಜುಗಳಿವೆ.

ಇವುಗಳ ಹಿರಿಮೆಯಿರುವುದು ಬಾಗಿಲಿನಲ್ಲಿ. ಆ ಬಾಗಿಲು ಎಲ್ಲರಿಗೂ ತೆರೆದದ್ದು. ಪ್ರೌಢಶಾಲೆ ಮುಗಿಸಿದವರು ಯಾರೇ ಬರಲಿ, ಅಂಕಗಳ ಪಟ್ಟಿಯನ್ನು ನೋಡಿ ಹಿಂದಕ್ಕೆ ಕಳುಹಿಸುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ದಾದಿಯರ ಶಿಕ್ಷಣ, ಯಂತ್ರಗಳ ದುರಸ್ತಿ, ಲೆಕ್ಕಪತ್ರದ ಕೆಲಸ ಮೊದಲಾದ ಜೀವನೋಪಾಯದ ವಿದ್ಯೆಗಳು ಇಲ್ಲಿ ದೊರೆಯುತ್ತವೆ. ಬಯಸಿದವರು ಎರಡು ವರ್ಷ ಓದಿ, ಅಲ್ಲಿಂದ ವಿಶ್ವವಿದ್ಯಾಲಯದ ಮೂರನೆಯ ವರ್ಷಕ್ಕೆ ಸೇರುವುದೂ ಉಂಟು. ಶುಲ್ಕವೂ ಕಡಿಮೆ. 2023-24ನೆಯ ಸಾಲಿನಲ್ಲಿ ಸರಕಾರಿ ವಿಶ್ವವಿದ್ಯಾಲಯಗಳು ತಮ್ಮ ರಾಜ್ಯದವರಿಗೇ ಸರಾಸರಿ 11,000 ಡಾಲರುಗಳಿಗೂ ಮಿಕ್ಕಿ ವಿಧಿಸುತ್ತಿದ್ದಾಗ, ಸಮುದಾಯ ಕಾಲೇಜಿನ ವಾರ್ಷಿಕ ಶುಲ್ಕ ಸರಾಸರಿ 4,000 ಡಾಲರುಗಳ ಆಸುಪಾಸಿನಲ್ಲಿತ್ತು.

ಬಾಗಿಲು ಇಷ್ಟು ಅಗಲವಾಗಿ ತೆರೆದಿದ್ದರೂ, ಒಳಗೆ ಬಂದವರೆಲ್ಲ ಪದವಿ ಹಿಡಿದು ಹೊರಗೆ ಹೋಗುತ್ತಿದ್ದರೆ? ಇಲ್ಲ. ಪೂರ್ಣಾವಧಿಯ ವ್ಯಾಸಂಗಕ್ಕೆ ಮೊದಲ ಬಾರಿ ಸೇರಿದ ಹತ್ತು ಮಂದಿಯಲ್ಲಿ ಮೂರು ವರ್ಷಗಳೊಳಗೆ ಅದೇ ಕಾಲೇಜಿನಲ್ಲಿ ಪದವಿ ಮುಗಿಸುವವರು ಸುಮಾರು ಮೂವರು. ಉಳಿದವರಲ್ಲಿ ಕೆಲವರು ಬೇರೆಡೆಗೆ ಹೋಗಿ ಓದು ಮುಂದುವರಿಸುತ್ತಾರೆ, ಕೆಲವರು ನಿಧಾನವಾಗಿ ಸಾಗುತ್ತಾರೆ. ಬಹುಮಂದಿ ಒಂದು ದಿನ ತರಗತಿಗೆ ಬರುವುದನ್ನು ನಿಲ್ಲಿಸಿಬಿಡುತ್ತಾರೆ. ಹಾಜರಿ ಕರೆದಾಗ ಉತ್ತರವಿಲ್ಲ. ಅಷ್ಟೇ.

ಮರಿಯಾ ಎಂಬ ವಿದ್ಯಾರ್ಥಿನಿ

ಅವರು ಏಕೆ ಬಿಟ್ಟುಹೋಗುತ್ತಾರೆ? ಪಾಠ ಕಠಿಣವಾದುದರಿಂದ, ಬುದ್ಧಿ ಸಾಲದೆ ಹೋದುದರಿಂದ ಎಂಬುದು ಬಹುಕಾಲದ ನಂಬಿಕೆಯಾಗಿತ್ತು. ಟೆಕ್ಸಸ್ ರಾಜ್ಯದ ಉತ್ತರ ಮೂಲೆಯಲ್ಲಿರುವ ಅಮರಿಲ್ಲೊ ಕಾಲೇಜಿನವರು ಈ ನಂಬಿಕೆಯನ್ನು ಪರೀಕ್ಷಿಸಿ ನೋಡಬೇಕೆಂದು ವಿದ್ಯಾರ್ಥಿಗಳನ್ನೇ ಕೇಳಿದರು. ಬಂದ ಉತ್ತರ ಉಪಾಧ್ಯಾಯರನ್ನು ಬೆಚ್ಚಿಬೀಳಿಸುವಂಥದು. ವಿದ್ಯಾರ್ಥಿಗಳು ಹೇಳಿದ ಮುಖ್ಯ ಅಡ್ಡಿಗಳಲ್ಲಿ ತರಗತಿಯ ಕೋಣೆಗೆ ಸಂಬಂಧಪಟ್ಟುದು ಯಾವುದೂ ಇರಲಿಲ್ಲ. ಊಟ, ಮನೆ ಬಾಡಿಗೆ, ಮಗುವನ್ನು ನೋಡಿಕೊಳ್ಳುವವರು, ಕಾಲೇಜಿಗೆ ಬರಲು ವಾಹನ ಇಂಥವೇ ಅವರ ಅಡ್ಡಿಗಳಾಗಿದ್ದವು.

ಆ ಕಾಲೇಜು ಇನ್ನೊಂದು ಕೆಲಸವನ್ನೂ ಮಾಡಿತು. ತನ್ನ ದಾಖಲೆಗಳನ್ನೆಲ್ಲ ಕೂಡಿಸಿ, ತನ್ನಲ್ಲಿ ಓದುವ ಸರಾಸರಿ ವಿದ್ಯಾರ್ಥಿ ಯಾರೆಂದು ಲೆಕ್ಕ ಹಾಕಿತು. ಆ ಲೆಕ್ಕದಿಂದ ಮೂಡಿಬಂದವಳು ಇಪ್ಪತ್ತೇಳು ವರ್ಷದ ಒಬ್ಬ ಹೆಂಗಸು, ಸ್ಪ್ಯಾನಿಷ್ ಮೂಲದ ಮನೆತನದವಳು, ಆ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗಳು, ಮಗುವಿನ ತಾಯಿ, ಎರಡು ಕಡೆ ಅರೆವೇಳೆಯ ದುಡಿಮೆ ಮಾಡುತ್ತ, ಉಳಿದ ಹೊತ್ತಿನಲ್ಲಿ ಓದುವವಳು. ಅವಳಿಗೆ ‘ಮರಿಯಾ’ ಎಂದು ಹೆಸರಿಟ್ಟರು. ಮರಿಯಾ ಎಲ್ಲಿಯೂ ಇಲ್ಲ. ಆದರೆ ಪ್ರತಿಯೊಂದು ಬೆಂಚಿನಲ್ಲಿಯೂ ಇದ್ದಾಳೆ. ಅಲ್ಲಿಂದ ಮುಂದೆ ಕಾಲೇಜಿನಲ್ಲಿ ಹೊಸ ನಿಯಮವೊಂದನ್ನು ಮಾಡುವಾಗ ಇದರಿಂದ ಮರಿಯಾಳಿಗೆ ಅನುಕೂಲವೇ, ಅನನುಕೂಲವೇ ಎಂದು ಕೇಳಿಕೊಳ್ಳುವುದು ರೂಢಿಯಾಯಿತು.

ಮರಿಯಾಳಂಥವರ ಬದುಕು ಎಳೆ ಸಡಿಲವಾದ ಬಟ್ಟೆಯಂತೆ. ಒಂದು ಎಳೆ ಕಿತ್ತರೆ ಸಾಕು, ಉಳಿದುದೂ ಬಿಚ್ಚಿಕೊಳ್ಳುತ್ತದೆ. ಕಾರಿನ ಚಕ್ರ ಒಡೆಯಿತೆಂದರೆ ಆ ದಿನದ ಕೆಲಸ ತಪ್ಪಿತು. ಕೆಲಸ ತಪ್ಪಿದರೆ ಆ ವಾರದ ಕೂಲಿ ಕಡಿಮೆಯಾಯಿತು. ಕೂಲಿ ಕಡಿಮೆಯಾದರೆ ವಿದ್ಯುತ್ತಿನ ಬಾಕಿ ನಿಂತಿತು. ಮಗುವಿಗೆ ಜ್ವರ ಬಂದರೆ ಪರೀಕ್ಷೆ ತಪ್ಪಿತು. ಇವುಗಳಲ್ಲಿ ಒಂದೊಂದನ್ನೂ ಪರಿಹರಿಸಲು ಬೇಕಾಗುವ ಹಣ ದೊಡ್ಡದಲ್ಲ. ಆದರೆ ಅದು ಆ ಗಳಿಗೆಯಲ್ಲಿ ಕೈಗೆ ಬರಬೇಕು. ಮೂರು ತಿಂಗಳ ಮೇಲೆ ಮಂಜೂರಾಗುವ ನೆರವು ಅವಳ ಪಾಲಿಗೆ ಬಂದರೂ ಒಂದೇ, ಬಾರದಿದ್ದರೂ ಒಂದೇ. ಅದಕ್ಕಾಗಿಯೇ ಅಮರಿಲ್ಲೊ ಕಾಲೇಜು ತುರ್ತು ಸಹಾಯದ ನಿಧಿಯನ್ನು ಏರ್ಪಡಿಸಿ, ದವಸಧಾನ್ಯ ಮತ್ತು ಬಟ್ಟೆಗಳ ಭಂಡಾರವನ್ನೂ ಸಮಾಜ ಸೇವಕರನ್ನೂ ಒಂದೇ ಕಡೆ ಸೇರಿಸಿ ಒಂದು ನೆರವಿನ ಕೇಂದ್ರವನ್ನು ತೆರೆಯಿತು. ಅದನ್ನು ಮೂಲೆಯಲ್ಲಿ ಅಡಗಿಸಿಡದೆ ಆವರಣದ ನಡುವೆಯೇ ಇಟ್ಟುದು ಗಮನಿಸತಕ್ಕ ಸಂಗತಿ. ನೆರವು ಕೇಳಲು ಬರುವವರು ತಲೆ ತಗ್ಗಿಸಿ ಹಿತ್ತಿಲ ಬಾಗಿಲಿನಿಂದ ಬರಬೇಕಾಗಿಲ್ಲ. 2023ರಲ್ಲಿ ದೇಶದ ಉತ್ತಮ ಸಮುದಾಯ ಕಾಲೇಜಿಗೆ ಸಲ್ಲುವ ಆಸ್ಪೆನ್ ಪ್ರಶಸ್ತಿಯನ್ನು ಇನ್ನೊಂದು ಕಾಲೇಜಿನೊಡನೆ ಅಮರಿಲ್ಲೊ ಹಂಚಿಕೊಂಡಿತು.

ವಾರಾನ್ನದ ಕಾಲವನ್ನು ಕಂಡ ಕನ್ನಡ ಮನೆಗಳ ಹಿರಿಯರಿಗೆ ಈ ವಿಚಾರ ತೀರ ಹೊಸದಾಗಿ ಕಾಣಲಾರದು. ಹಸಿದ ಹೊಟ್ಟೆಗೆ ವಿದ್ಯೆ ಹತ್ತುವುದಿಲ್ಲವೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ವಾರಾನ್ನ ಮನೆಯವರ ಔದಾರ್ಯ. ಇಲ್ಲಿ ಹೇಳುತ್ತಿರುವುದು ವಿದ್ಯಾಸಂಸ್ಥೆಯೇ ಹೊತ್ತುಕೊಂಡ ಹೊಣೆ.

ನ್ಯೂಯಾರ್ಕಿನ ಪ್ರಯೋಗ

ಈ ಹೊಣೆ ಹೊತ್ತುದರಿಂದ ಫಲವೇನಾಯಿತು? ಕರುಣೆಯಿಂದ ಮಾಡಿದ ಕೆಲಸಕ್ಕೆ ಲೆಕ್ಕ ಕೇಳಬಾರದೆಂದು ಕೆಲವರು ಹೇಳಬಹುದು. ಆದರೆ ಸಾರ್ವಜನಿಕರ ಹಣ ವೆಚ್ಚವಾಗುವ ಕಡೆ ಲೆಕ್ಕ ಕೇಳದೆ ತೀರದು. ಅಂಥ ಲೆಕ್ಕವನ್ನು ಒಪ್ಪಿಸಿದ್ದು ನ್ಯೂಯಾರ್ಕಿನ ಸಿಟಿ ವಿಶ್ವವಿದ್ಯಾಲಯ. ಅದು ತನ್ನ ಸಮುದಾಯ ಕಾಲೇಜುಗಳಲ್ಲಿ 2007ರಲ್ಲಿ ಒಂದು ಯೋಜನೆಯನ್ನು ಆರಂಭಿಸಿತು. ಎ.ಎಸ್.ಎ.ಪಿ. ಎಂಬುದು ಅದರ ಸಂಕ್ಷಿಪ್ತ ನಾಮ.

ಯೋಜನೆಗೆ ಸೇರಿದವರು ಪೂರ್ಣಾವಧಿಯ ವಿದ್ಯಾರ್ಥಿಗಳಾಗಿ ಓದಬೇಕು. ಸಲಹೆಗಾರರನ್ನು ತಪ್ಪದೆ ಕಾಣಬೇಕು. ಹಿಂದೆ ಬಿದ್ದ ವಿಷಯಗಳಲ್ಲಿ ಪ್ರತ್ಯೇಕ ಪಾಠ ಹೇಳಿಸಿಕೊಳ್ಳಬೇಕು. ಇದು ವಿದ್ಯಾರ್ಥಿಯ ಪಾಲಿನ ಕರಾರು. ಕಾಲೇಜಿನ ಪಾಲಿನದು ಇನ್ನೊಂದು: ಬೇರೆ ವಿದ್ಯಾರ್ಥಿವೇತನಗಳು ಸಾಲದೆ ಉಳಿದ ಶುಲ್ಕವನ್ನು ಮನ್ನಾ ಮಾಡುವುದು, ಪಠ್ಯಪುಸ್ತಕಗಳನ್ನು ಒದಗಿಸುವುದು, ನಗರದ ಬಸ್ಸು ರೈಲುಗಳಲ್ಲಿ ಓಡಾಡಲು ತಿಂಗಳ ಪಾಸು ಕೊಡುವುದು. ಸಲಹೆಗಾರರ ವಿಷಯದಲ್ಲಿದ್ದ ವ್ಯತ್ಯಾಸ ಇವೆಲ್ಲಕ್ಕಿಂತ ದೊಡ್ಡದು. ಆ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಒಬ್ಬ ಸಲಹೆಗಾರನ ಪಾಲಿಗೆ 600ರಿಂದ 1,500 ವಿದ್ಯಾರ್ಥಿಗಳು ಬೀಳುತ್ತಿದ್ದರು. ಅಷ್ಟು ಮಂದಿಯ ಹೆಸರನ್ನು ನೆನಪಿಡುವುದೂ ಮನುಷ್ಯಮಾತ್ರರಿಂದ ಸಾಧ್ಯವಿಲ್ಲ. ಯೋಜನೆಯಲ್ಲಿ ಒಬ್ಬ ಸಲಹೆಗಾರನಿಗೆ 60ರಿಂದ 80 ಮಂದಿ. ಯಾರು ಎರಡು ದಿನದಿಂದ ಬಂದಿಲ್ಲ, ಯಾರ ಮುಖ ಬಾಡಿದೆ, ಯಾರಿಗೆ ಗಣಿತ ಹತ್ತುತ್ತಿಲ್ಲ ಎಂಬುದು ಅವನ ಗಮನಕ್ಕೆ ಬಂದೇ ಬರುತ್ತಿತ್ತು.

ಪರೀಕ್ಷೆ ನಿಷ್ಪಕ್ಷಪಾತವಾಗಿರಬೇಕೆಂದು ಮೂರು ಕಾಲೇಜುಗಳಲ್ಲಿ 896 ಬಡ ವಿದ್ಯಾರ್ಥಿಗಳನ್ನು ಆರಿಸಿಕೊಂಡು, ಚೀಟಿ ಎತ್ತಿದಂತೆ ಅದೃಷ್ಟದ ಮೇಲೆ ಎರಡು ಗುಂಪು ಮಾಡಿದರು. ಇವರೆಲ್ಲರೂ ಗಣಿತದಲ್ಲಿಯೋ ಭಾಷೆಯಲ್ಲಿಯೋ ಹಿಂದೆ ಬಿದ್ದವರೇ. ಒಂದು ಗುಂಪಿಗೆ ಯೋಜನೆಯ ನೆರವು. ಇನ್ನೊಂದಕ್ಕೆ ಕಾಲೇಜಿನಲ್ಲಿ ಎಂದಿನಂತೆ ದೊರೆಯುವ ಸೌಕರ್ಯ. ಮೂರು ವರ್ಷ ಕಳೆದ ಮೇಲೆ ನೋಡಿದರೆ, ಎಂದಿನ ಗುಂಪಿನಲ್ಲಿ ಪದವಿ ಪಡೆದವರು ನೂರಕ್ಕೆ 22 ಮಂದಿ. ನೆರವು ಪಡೆದ ಗುಂಪಿನಲ್ಲಿ ನೂರಕ್ಕೆ 40 ಮಂದಿ. 2015ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಓಹಾಯೊ ರಾಜ್ಯದ ಮೂರು ಕಾಲೇಜುಗಳು ಇದೇ ಮಾದರಿಯನ್ನು ಅನುಸರಿಸಿದಾಗ ಅಲ್ಲಿಯೂ 19 ಮಂದಿಯ ಎದುರಿಗೆ 35 ಮಂದಿ ಪದವಿ ಪಡೆದರು. ಒಂದೂರಿನ ಅದೃಷ್ಟವೆಂದು ತಳ್ಳಿಹಾಕುವಂತಿಲ್ಲ.

ವೆಚ್ಚವೇನು ಕಡಿಮೆಯಾಗಲಿಲ್ಲ. ನ್ಯೂಯಾರ್ಕಿನಲ್ಲಿ ಮೂರು ವರ್ಷಗಳಲ್ಲಿ ತಲೆಗೆ ಸುಮಾರು 16,000 ಡಾಲರ್ ಹೆಚ್ಚು ಬಿದ್ದಿತು. ಆದರೆ ಪದವಿ ಪಡೆದವರ ಸಂಖ್ಯೆ ಇಮ್ಮಡಿಯ ಹತ್ತಿರ ಬಂದುದರಿಂದ, ಒಂದೊಂದು ಪದವಿಗೆ ತಗುಲಿದ ವೆಚ್ಚ ಹಳೆಯ ಪದ್ಧತಿಗಿಂತ ಹತ್ತರಲ್ಲೊಂದು ಪಾಲಿಗೂ ಮಿಕ್ಕಿ ಇಳಿಯಿತು. ನಡುದಾರಿಯಲ್ಲಿ ಬಿಟ್ಟುಹೋಗುವ ವಿದ್ಯಾರ್ಥಿಯ ಮೇಲೆ ಮಾಡಿದ ವೆಚ್ಚವೇ ಎಲ್ಲಕ್ಕಿಂತ ದುಬಾರಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇನ್ನೂ ಮುಚ್ಚಿರುವ ಬಾಗಿಲುಗಳು

ಇಂಥ ಯತ್ನಗಳು ನಿನ್ನೆ ಮೊನ್ನೆಯವಲ್ಲ. ಬಡ ಮನೆಯ ವಿದ್ಯಾರ್ಥಿಗಳಿಗೆ ಬೋಧನೆಯ ನೆರವು, ಸಲಹೆ ಒದಗಿಸಲು ಅಮೆರಿಕದ ಕೇಂದ್ರ ಸರಕಾರ 1968ರಲ್ಲಿಯೇ ಒಂದು ಯೋಜನೆಗೆ ಆಧಾರ ಹಾಕಿತು. ಮರುವರ್ಷ ಕ್ಯಾಲಿಫೋರ್ನಿಯಾ ರಾಜ್ಯ ತನ್ನ ಸಮುದಾಯ ಕಾಲೇಜುಗಳಿಗಾಗಿಯೇ ಅಂಥದೊಂದು ಶಾಸನ ಮಾಡಿತು. ಅಂಗವಿಕಲರನ್ನು ಸರಕಾರದ ಹಣ ಪಡೆಯುವ ಸಂಸ್ಥೆಗಳು ದೂರವಿಡಬಾರದೆಂಬ ಕಾನೂನು 1973ರದು. ಕಿವಿ ಕೇಳದವರಿಗೆ ಸಂಜ್ಞಾಭಾಷೆಯ ದುಭಾಷಿ, ಬರೆಯಲಾರದವರಿಗೆ ಟಿಪ್ಪಣಿ ಬರೆದುಕೊಡುವವರು, ಪರೀಕ್ಷೆಯಲ್ಲಿ ಹೆಚ್ಚಿನ ಹೊತ್ತು, ಇವು ಕಾಲೇಜಿನಲ್ಲಿ ಕೇಳಿ ಪಡೆಯಬಹುದಾದ ಹಕ್ಕುಗಳಾದವು.

ಹಾಗೆಂದು ಎಲ್ಲವೂ ನೆಟ್ಟಗಾಯಿತೆಂದು ಭಾವಿಸಬಾರದು. ಪಾಠಕ್ಕೆ ಬರುವ ತಾಯಂದಿರಿಗೆ ಎಲ್ಲಕ್ಕಿಂತ ಮೊದಲು ಬೇಕಾದುದು ಮಕ್ಕಳನ್ನು ಬಿಟ್ಟುಬರಲು ಒಂದು ನೆಲೆ. ಈ ಶತಮಾನದ ಆರಂಭದಲ್ಲಿ ಅರ್ಧಕ್ಕಿಂತ ಹೆಚ್ಚು ಸಮುದಾಯ ಕಾಲೇಜುಗಳ ಆವರಣದಲ್ಲಿ ಶಿಶುವಿಹಾರಗಳಿದ್ದವು. 2015ರ ವೇಳೆಗೆ ಅವು ಅರ್ಧಕ್ಕಿಂತ ಕೆಳಗಿಳಿದವು. 2020ರಲ್ಲಿ ಅಲ್ಲಿಯ ಸರಕಾರವೇ ಪದವಿ ತರಗತಿಗಳ ವಿದ್ಯಾರ್ಥಿಗಳನ್ನು ಕುರಿತು ನಡೆಸಿದ ಸಮೀಕ್ಷೆಯಲ್ಲಿ ನೂರಕ್ಕೆ 23 ಮಂದಿಗೆ ಊಟದ ಖಚಿತವಿರಲಿಲ್ಲ. ನೂರಕ್ಕೆ 8 ಮಂದಿ ನೆಲೆಯಿಲ್ಲದವರಾಗಿದ್ದರು.

ಸಮುದಾಯ ಕಾಲೇಜಿನ ಕಲ್ಪನೆ ಭಾರತಕ್ಕೂ ಬಂದಿದೆ. 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯ ಅಂಥದೊಂದನ್ನು ತೆರೆಯಿತು. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವೂ ಇದಕ್ಕೆ ಕೈಹಾಕಿತು. ಕಲ್ಪನೆಯನ್ನು ತಂದವರು ಅದರ ಅನುಭವವನ್ನೂ ತಂದುಕೊಳ್ಳಬೇಕು. ಕಟ್ಟಡ, ಪಠ್ಯಕ್ರಮ, ಪ್ರಮಾಣಪತ್ರ ಇವು ಬಾಗಿಲಿನವರೆಗಿನ ಮಾತು. ಬಸ್ಸಿನ ಪಾಸು, ಒಂದು ಹೊತ್ತಿನ ಊಟ, ಹೆಸರು ಹಿಡಿದು ಕರೆಯುವ ಒಬ್ಬ ಸಲಹೆಗಾರ ಇವು ಬಾಗಿಲಿನ ಒಳಗಿನ ಮಾತು.

ಲಾಂಗ್ ಬೀಚಿನ ಆ ಕಟ್ಟಡದಲ್ಲಿ ಕಾರಿನೊಳಗೆ ಮಲಗಿದ್ದವರಿಗೆ ಕಾಲೇಜು ಮನೆಯನ್ನೇನೂ ಕಟ್ಟಿಕೊಡಲಿಲ್ಲ. ಅವರ ಬಡತನವನ್ನು ತೊಡೆದುಹಾಕುವುದು ಅದರ ಕೈಯಲ್ಲಿಯೂ ಇರಲಿಲ್ಲ. ಒಂದು ರಾತ್ರಿಯ ನಿರ್ಭಯ ನಿದ್ದೆ, ಬೆಳಗಿನ ನಾಲ್ಕು ಚೊಂಬು ನೀರು, ಇಷ್ಟನ್ನೇ ಅದು ಕೊಟ್ಟಿತು. ಆದರೆ ಅಷ್ಟರಿಂದ ಮಿಂದು ಮಡಿಯುಟ್ಟು, ಪುಸ್ತಕ ಹಿಡಿದು, ಎಲ್ಲರ ನಡುವೆ ಬೆಂಚಿನ ಮೇಲೆ ಕುಳಿತವನು ಹಾಜರಿ ಕರೆದಾಗ ‘ಇದ್ದೇನೆ’ ಎನ್ನಬಲ್ಲ. ವಿದ್ಯೆಯೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ.