ಊರ ಕೆರೆ ಯಾರ ಸೊತ್ತು?

ಹತ್ತು ಜನರಿಗೆ ಹುಲ್ಲುಕಡ್ಡಿ, ಒಬ್ಬನಿಗೆ ತಲೆಹೊರೆ ಎಂಬ ಗಾದೆಯು ನಮ್ಮಲ್ಲಿ ಎಲ್ಲರಿಗೂ ಪರಿಚಿತವಾದುದು. ಆದರೆ ಆ ಹತ್ತು ಜನರು ಕೂಡುವುದು ಹೇಗೆ, ಕೂಡಿದವರಲ್ಲಿ ಒಬ್ಬನು ತನ್ನ ಕಡ್ಡಿಯನ್ನು ಹೊರದೆ ಜಾರಿಕೊಂಡರೆ ಮಾಡತಕ್ಕದ್ದೇನು ಎಂಬ ಪ್ರಶ್ನೆಗೆ ಗಾದೆಯು ಉತ್ತರ ಕೊಡುವುದಿಲ್ಲ. ಸಾರ್ವಜನಿಕ ಸೊತ್ತನ್ನು ಕುರಿತ ಅರ್ಥಶಾಸ್ತ್ರವೆಲ್ಲವೂ ಬಹುಮಟ್ಟಿಗೆ ಈ ಪ್ರಶ್ನೆಯ ಸುತ್ತಲೇ ತಿರುಗುತ್ತಿರುವುದು. 36,000ಕ್ಕೂ ಮಿಕ್ಕಿ ಕೆರೆಗಳನ್ನು ಪೂರ್ವಿಕರಿಂದ ಪಡೆದಿರುವ ಕನ್ನಡ ನಾಡಿಗೆ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. ಕುಡಿಯುವ ನೀರಿನ ಮತ್ತು ಉಣ್ಣುವ ಅನ್ನದ ಪ್ರಶ್ನೆಯಾಗಿದೆ.

ಮೊದಲು ಒಂದು ಭೇದವನ್ನು ಮನಗಾಣಬೇಕು. ಕರಾವಳಿಯ ದೀಪಸ್ತಂಭವನ್ನು ನೋಡಿರಿ. ಒಂದು ಹಡಗು ಅದರ ಬೆಳಕನ್ನು ಕಂಡ ಮಾತ್ರಕ್ಕೆ ಮತ್ತೊಂದಕ್ಕೆ ಬೆಳಕು ಕಡಿಮೆಯಾಗುವುದಿಲ್ಲ. ಹಣ ಕೊಡದ ನಾವಿಕನ ಕಣ್ಣನ್ನು ಕಟ್ಟುವುದಕ್ಕೂ ಬರುವುದಿಲ್ಲ. ಆದಕಾರಣ ಇಂಥ ವಸ್ತುವಿನ ವೆಚ್ಚವನ್ನು ಸಾಮಾನ್ಯವಾಗಿ ಸರಕಾರವೇ ತೆರಿಗೆಯಿಂದ ವಹಿಸಬೇಕಾಗುವುದು. ಕೆರೆಯ ಸಂಗತಿಯು ಹಾಗಲ್ಲ. ಅಲ್ಲಿಯೂ ಒಬ್ಬೊಬ್ಬರನ್ನು ತಡೆಯುವುದು ಕಷ್ಟವೇ. ಆದರೆ ಮೇಲಿನ ಗದ್ದೆಯವನು ತಿರುಗಿಸಿಕೊಂಡ ನೀರು ಕೆಳಗಿನ ಗದ್ದೆಯವನಿಗೆ ಇಲ್ಲವಾಗುವುದು. ಇದು ಎಲ್ಲರದೂ ಹೌದು, ಬಳಸಿದಷ್ಟೂ ಸವೆಯುವುದೂ ಹೌದು. ಕಟ್ಟುಪಾಡು ಬೇಕಾಗಿರುವುದು ಇಲ್ಲಿಯೇ.

ಅಮೆರಿಕೆಯ ಜೀವಶಾಸ್ತ್ರಜ್ಞ ಗ್ಯಾರೆಟ್ ಹಾರ್ಡಿನ್ ಎಂಬವರು 1968ನೆಯ ಇಸವಿಯಲ್ಲಿ ಒಂದು ಪ್ರಸಿದ್ಧ ಲೇಖನವನ್ನು ಬರೆದರು. ಊರ ಹುಲ್ಲುಗಾವಲಿಗೆ ಇನ್ನೊಂದು ದನವನ್ನು ಬಿಟ್ಟವನಿಗೆ ಲಾಭವೆಲ್ಲವೂ ತನ್ನದು, ನಷ್ಟವು ಮಾತ್ರ ಊರಿಗೆಲ್ಲ ಹಂಚಿಹೋಗುವುದು. ಹೀಗೆ ಪ್ರತಿಯೊಬ್ಬನೂ ಎಣಿಸಲಾಗಿ ಹುಲ್ಲುಗಾವಲೇ ಹಾಳಾಗುವುದೆಂಬುದು ಅವರ ವಾದ. ಇದನ್ನೋದಿದ ಅನೇಕರು, ಸಾಮಾನ್ಯ ಸೊತ್ತನ್ನು ಒಂದೋ ಖಾಸಗಿಯವರಿಗೆ ಹಂಚಬೇಕು, ಇಲ್ಲವೇ ಸರಕಾರದ ವಶಕ್ಕೆ ಕೊಡಬೇಕು, ಮೂರನೆಯ ದಾರಿಯಿಲ್ಲವೆಂದು ತೀರ್ಮಾನಿಸಿಬಿಟ್ಟರು. ಅದೇ ದೇಶದ ಎಲಿನರ್ ಆಸ್ಟ್ರಂ ಎಂಬ ವಿದುಷಿಯು ಇದನ್ನು ಒಪ್ಪಲಿಲ್ಲ. ಸ್ವಿಟ್ಜರ್ಲೆಂಡಿನ ಬೆಟ್ಟದ ಗೋಮಾಳ, ಜಪಾನಿನ ಹಳ್ಳಿಗಳ ಕಾಡು, ಸ್ಪೇನ್ ದೇಶದ ನೀರಿನ ಕಾಲುವೆ ಇವುಗಳನ್ನು ಪರಾಮರ್ಶಿಸಿ, ಬಳಸುವ ಜನರೇ ಕಟ್ಟಳೆ ಮಾಡಿಕೊಂಡು ನೂರಾರು ವರ್ಷ ಅವನ್ನು ಕಾಪಾಡಿಕೊಂಡು ಬಂದಿರುವರೆಂದು 1990ರ ತಮ್ಮ ಗ್ರಂಥದಲ್ಲಿ ತೋರಿಸಿಕೊಟ್ಟರು. ವೆಲೆನ್ಸಿಯಾ ಪಟ್ಟಣದಲ್ಲಿ ಗುರುವಾರಗಳಂದು ದೊಡ್ಡ ಚರ್ಚಿನ ಬಾಗಿಲಲ್ಲಿ ರೈತರ ನ್ಯಾಯಾಸ್ಥಾನವು ಕೂತು, ನೀರಿನ ತಕರಾರುಗಳನ್ನು ಬಾಯಿಮಾತಿನಲ್ಲಿಯೇ ತೀರಿಸುತ್ತದೆ. ಆಕೆಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವು ಸಂದಿತು; ಅದನ್ನು ಪಡೆದ ಮಹಿಳೆಯರಲ್ಲಿ ಆಕೆಯೇ ಮೊದಲಿಗರು.

ಈ ಸಿದ್ಧಾಂತದಲ್ಲಿ ನಮ್ಮ ರೈತನಿಗೆ ಹೊಸತೆಂಬುದು ಹೆಚ್ಚೇನೂ ಇಲ್ಲ. ಹಳೆಯ ಮೈಸೂರಿನ ಸೀಮೆಯಲ್ಲಿ ತೂಬನ್ನು ಎತ್ತುವವನೂ ಇಳಿಸುವವನೂ ನೀರಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ಅವನು ಬಲ್ಲ. ಅವನ ಕೂಲಿಯು ಅಚ್ಚುಕಟ್ಟಿನ ಕಣದಿಂದಲೇ ಸಲ್ಲುತ್ತಿತ್ತು. ಬೇಸಗೆಯಲ್ಲಿ ಕೆರೆಯ ಹೂಳು ಬಂಡಿಯೇರಿ ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಕೆರೆಯನ್ನು ಕಟ್ಟಿ ಕಾಯುವವರಿಗೆ ಬಿಟ್ಟ ಕಟ್ಟುಕೊಡಗೆ, ಬಿತ್ತುವಟ್ಟಗಳ ಉಲ್ಲೇಖವು ನಮ್ಮ ಶಾಸನಗಳಲ್ಲಿ ಹೇರಳವಾಗಿದೆ. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಡಪೆಯ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ 1369ರಲ್ಲಿ ಹಾಕಿಸಿದ ಶಾಸನವಂತೂ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಟ್ಟಬಾರದ ಆರು ದೋಷಗಳನ್ನೂ ಎಣಿಸುತ್ತದೆ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆಯಿರುವುದು ಆ ದೋಷಗಳಲ್ಲೊಂದು. ಒಡೆತನವು ಇಬ್ಬರ ನಡುವೆ ತೂಗಾಡಿದರೆ ಕೆರೆಯು ಉಳಿಯದೆಂಬ ಅನುಭವವೇ ಆ ಮಾತಿನ ಹಿಂದಿರಬೇಕು.

ಹೀಗೆಂದು ಹಳೆಯ ಕಾಲಕ್ಕೆ ಚಿನ್ನದ ಮುಲಾಮು ಹಚ್ಚುವುದು ನಮಗೆ ಇಷ್ಟವಿಲ್ಲ. ಊರ ಕೆರೆಯೆಂಬ ಮಾತಿನಲ್ಲಿ ಊರವರೆಲ್ಲರೂ ಸೇರಿರಲಿಲ್ಲ. ಏರಿಯ ಕೆಲಸಕ್ಕೆ ಬಿಟ್ಟಿಯಾಗಿ ಬೆನ್ನು ಬಗ್ಗಿಸಿದವರೇ ಆ ನೀರನ್ನು ಮುಟ್ಟಕೂಡದೆಂಬ ಕ್ರೂರ ನಿಯಮವು ಎಷ್ಟೋ ಕಡೆ ನಡೆದಿತ್ತು. 1927ರಲ್ಲಿ ಮಹಾಡದ ಚವದಾರ ಕೆರೆಯ ನೀರನ್ನು ಕುಡಿಯಲು ಡಾಕ್ಟರ್ ಅಂಬೇಡಕರರು ಸತ್ಯಾಗ್ರಹ ಹೂಡಬೇಕಾಯಿತೆಂಬುದನ್ನು ಮರೆತು, ಪೂರ್ವಿಕರನ್ನು ಹೊಗಳುವುದು ನ್ಯಾಯವಲ್ಲ. ಹಳೆಯ ಕಟ್ಟಳೆಯ ಅನ್ಯಾಯವು ಹೋಗಬೇಕಾಗಿತ್ತು. ಆದರೆ ಅದರೊಡನೆ ಕಟ್ಟಳೆಯೇ ಹೋಗಬೇಕಾಗಿರಲಿಲ್ಲ.

ಪ್ರಕೃತ ಆಗಿರುವುದು ಇದೇ. ವಂಶಪರಂಪರೆಯ ಗ್ರಾಮಾಧಿಕಾರಗಳನ್ನು 1961ರ ಕಾಯಿದೆಯು ತೆಗೆದುಹಾಕಿತು, ಅದು ಉಚಿತವೇ. ಆದರೆ ತೂಬಿನ ಬಳಿ ನಿಲ್ಲತಕ್ಕವನು ಇನ್ನು ಯಾರು, ಅವನಿಗೆ ಕೂಲಿ ಕೊಡತಕ್ಕವರು ಯಾರು ಎಂಬುದನ್ನು ಯಾರೂ ನೆಟ್ಟಗೆ ಗೊತ್ತುಮಾಡಲಿಲ್ಲ. ಅಚ್ಚುಕಟ್ಟು 40 ಹೆಕ್ಟೇರಿಗೆ ಮೇಲಾದರೆ ಕೆರೆಯು ಸಣ್ಣ ನೀರಾವರಿಯ ಇಲಾಖೆಗೆ, ಕೆಳಗಾದರೆ ಪಂಚಾಯತಿಗೆ. ನೆಲದ ಲೆಕ್ಕವು ಕಂದಾಯದವರಲ್ಲಿ, ಮೀನಿನದು ಮತ್ತೊಬ್ಬರಲ್ಲಿ. ಶಾಸನವು ಹೇಳಿದ ಗಡಿಯ ದೋಷವು ಈಗ ಇಲಾಖೆಗಳ ಗಡಿಯಾಗಿ ಮರಳಿ ಬಂದಿದೆ.

ಇದಕ್ಕಿಂತ ದೊಡ್ಡ ಪೆಟ್ಟು ಕೊಳವೆ ಬಾವಿಯದು. ತನ್ನ ಹೊಲದಲ್ಲಿಯೇ ನೀರು ಸಿಕ್ಕವನಿಗೆ ಏರಿಯ ಚಿಂತೆ ಯಾತಕ್ಕೆ? 2008ರಿಂದ 10 ಅಶ್ವಶಕ್ತಿಯವರೆಗಿನ ಪಂಪುಗಳಿಗೆ ವಿದ್ಯುಚ್ಛಕ್ತಿಯೂ ಪುಕ್ಕಟೆಯಾಯಿತು. ನಿಜವಾಗಿ ನೋಡಿದರೆ ಹಾರ್ಡಿನ್ನರ ಹುಲ್ಲುಗಾವಲು ನಮ್ಮ ಕೆರೆಯಲ್ಲ, ನೆಲದಡಿಯ ನೀರು. ಅಲ್ಲಿ ಎಲ್ಲೆಯಿಲ್ಲ, ಕಾವಲಿಲ್ಲ, ಸರದಿಯಿಲ್ಲ. ಆಳಕ್ಕೆ ಕೊರೆದವನೇ ದೊರೆ. ಕೋಲಾರದ ಸೀಮೆಯಲ್ಲಿ ಸಾವಿರ ಅಡಿಗೂ ಕೆಳಗೆ ಕೊರೆದು ನೀರು ಕಾಣದೆ ಸಾಲಗಾರರಾದ ರೈತರಿದ್ದಾರೆ. ಕಟ್ಟುಪಾಡುಳ್ಳ ಸೊತ್ತನ್ನು ಬಿಟ್ಟು ಕಟ್ಟುಪಾಡಿಲ್ಲದ ಸೊತ್ತಿಗೆ ನಾವು ಕೈಯಿಟ್ಟೆವು. 2011ರಲ್ಲಿ ಅಂತರ್ಜಲಕ್ಕೆ ಒಂದು ಕಾಯಿದೆಯಾಯಿತೇನೋ ನಿಜ; ಆದರೆ ಪ್ರತಿಯೊಂದು ಬಾವಿಯ ಬಳಿಯೂ ಅಧಿಕಾರಿಯನ್ನು ನಿಲ್ಲಿಸಲು ಯಾವ ಸರಕಾರಕ್ಕೆ ಸಾಧ್ಯ?

ಪಟ್ಟಣದವರು ಇದರಲ್ಲಿ ನಿರಪರಾಧಿಗಳೆಂದು ತಿಳಿಯಕೂಡದು. ಬೆಂಗಳೂರಿನ ಧರ್ಮಾಂಬುಧಿಯು ಬಸ್ಸು ನಿಲ್ದಾಣವಾಯಿತು. ಸಂಪಂಗಿ ಕೆರೆಯು ಆಟದ ಮೈದಾನವಾಯಿತು. ನಮ್ಮ ಮನೆಗಳ ಕೊಳೆನೀರನ್ನು ಕುಡಿದ ಬೆಳ್ಳಂದೂರು ಕೆರೆಯು 2015ರಲ್ಲಿಯೂ 2017ರಲ್ಲಿಯೂ ಬೆಂಕಿಯನ್ನೇ ಕಾರಿತು. ಅದೇ ನಗರದ ಕೊಳೆನೀರನ್ನು ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಆ ನೀರು ಎಷ್ಟರ ಮಟ್ಟಿಗೆ ಶುದ್ಧವಾಗಿರಬೇಕೆಂಬ ವಿಷಯದಲ್ಲಿ ಮೊದಲ ಮಾತು ಅದನ್ನು ಬಳಸುವ ಊರಿನವರದಾಗಬೇಕು.

ಹಾಗಾದರೆ ಮಾಡತಕ್ಕದ್ದೇನು? ಎಲ್ಲೆಯನ್ನು ಅಳೆದು ಕಲ್ಲು ನೆಡುವುದು, ರಾಜಕಾಲುವೆಯ ಒತ್ತುವರಿಯನ್ನು ಬಿಡಿಸುವುದು, ಊರೂರುಗಳ ವ್ಯಾಜ್ಯವನ್ನು ತೀರಿಸುವುದು ಸರಕಾರದ ಕೆಲಸ. ಪಂಜಾಬದ ಒಂದು ಊರಿನ ಕೊಳದ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿಯೇ ಗ್ರಾಮಗಳ ಸಾಮಾನ್ಯ ಭೂಮಿಯಿಂದ ಅಕ್ರಮ ಅನುಭೋಗದಾರರನ್ನು ತೆರವುಮಾಡಬೇಕೆಂದು ಎಲ್ಲ ರಾಜ್ಯಗಳಿಗೂ ಆದೇಶಿಸಿದೆ. ಮಿಕ್ಕ ಅಧಿಕಾರವು ಕೆರೆಯ ಬಳಕೆದಾರರ ಸಂಘಕ್ಕೆ ಸೇರಬೇಕು: ಮೀನಿನ ಗುತ್ತಿಗೆಯ ಹಣ, ಹೂಳಿನ ಹಂಚಿಕೆ, ನೀರಗಂಟಿಯ ನೇಮಕ, ತಪ್ಪಿದವನಿಗೆ ತಕ್ಕ ದಂಡ. ಆ ಸಂಘದಲ್ಲಿ ಗದ್ದೆಯವನು ಮಾತ್ರವೇ ಅಲ್ಲ; ಮೀನುಗಾರನು, ಕುರಿಗಾಹಿಯು, ನೀರು ಹೊರುವ ಹೆಂಗಸು, ದಲಿತರ ಕೇರಿಯವರು ಸಮಾನ ಹಕ್ಕಿನಿಂದ ಕೂಡಬೇಕು. ಕೊಳವೆ ಬಾವಿಯವನೂ ಅಲ್ಲಿ ವಂತಿಗೆ ತೆರಬೇಕು. ಏಕೆಂದರೆ ಅವನ ಬಾವಿಗೆ ಒಸರುವುದೂ ಅದೇ ಕೆರೆಯ ನೀರು. ಲೆಕ್ಕವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದತಕ್ಕದ್ದು.

ಇಷ್ಟನ್ನೂ ಕೊಡದೆ, ಹೂಳೆತ್ತುವ ಗುತ್ತಿಗೆಗೆ ಹಣವನ್ನು ಮಾತ್ರ ಸುರಿದರೆ ಕೆರೆಯು ಮತ್ತೆ ತುಂಬುವುದು ಹೂಳಿನಿಂದಲೇ. ಅಧಿಕಾರವಿಲ್ಲದವನಿಗೆ ಹೊಣೆ ಹೊರಿಸಿದರೆ ಅವನು ಜಾರಿಕೊಳ್ಳುವುದು ಸಹಜ. ಹೊಣೆಯಿಲ್ಲದವನಿಗೆ ಅಧಿಕಾರ ಕೊಟ್ಟರೆ ಅವನು ಮಾರಿಕೊಳ್ಳುವುದೂ ಸಹಜ. ಇವೆರಡನ್ನೂ ಒಂದೇ ಕೈಯಲ್ಲಿ, ಊರ ಕೈಯಲ್ಲಿ ಇಟ್ಟ ದಿನ ಕೆರೆಯು ಊರ ಸೊತ್ತಾಗುವುದು.