ಬೀಗವಿದೆ, ಹಾಕಿಲ್ಲ

ಕೆಲವು ವರ್ಷಗಳ ಹಿಂದಿನ ಮಾತು. ನಾನು ಆಗ ದುಡಿಯುತ್ತಿದ್ದ ಸಂಸ್ಥೆಯಲ್ಲಿ ಗ್ರಾಹಕರೊಬ್ಬರಿಗಾಗಿ ಎರಡು ವರ್ಷ ಹಳೆಯ ತಂತ್ರಾಂಶವೊಂದನ್ನು ಹೊರತೆಗೆಯಬೇಕಾಗಿ ಬಂತು. ಅದನ್ನು ಕಾಪಿಟ್ಟಿದ್ದ ‘ಗಿಟ್’ ಭಂಡಾರವು ಕಡತ ಹಾಳಾಗಿದೆಯೆಂದು ತಿಳಿಸಿ ಅಲ್ಲಿಗೇ ನಿಂತಿತು. ನಾವು ಗಾಬರಿಯಾಗಲಿಲ್ಲ, ಪ್ರತಿ ರಾತ್ರಿ ಇಡೀ ಭಂಡಾರದ ನಕಲು ತೆಗೆಯುವ ಏರ್ಪಾಡು ನಮ್ಮಲ್ಲಿತ್ತು. ಹಿಂದಿನ ರಾತ್ರಿಯ ನಕಲನ್ನು ತೆರೆದೆವು, ಅದೇ ಉತ್ತರ. ಹಿಂದಿನ ತಿಂಗಳಿನದರಲ್ಲಿಯೂ ಅದೇ. ಸರ್ವರಿನ ಡಿಸ್ಕ್ ಎಂದೋ ಕೆಟ್ಟಿತ್ತು. ನಮ್ಮ ಏರ್ಪಾಡು ಆ ಕೆಡುಕನ್ನೇ ರಾತ್ರಿಯಿಂದ ರಾತ್ರಿಗೆ ನಿಷ್ಠೆಯಿಂದ ನಕಲು ಮಾಡುತ್ತ ಬಂದಿತ್ತು. ಕೊನೆಗೆ ಸಹೋದ್ಯೋಗಿಯೊಬ್ಬರ ಹಳೆಯ ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಪ್ರತಿಯೊಂದು ನಮ್ಮ ಮಾನ ಕಾಯಿತು.

ಗಿಟ್‌ನ ಪರಿಚಯವಿಲ್ಲದ ಓದುಗರಿಗಾಗಿ ಒಂದು ಮಾತು. ತಂತ್ರಾಂಶದ ಪ್ರತಿಯೊಂದು ತಿದ್ದುಪಡಿಯನ್ನೂ ಯಾರು, ಯಾವಾಗ ಮಾಡಿದರೆಂಬ ವಿವರದೊಡನೆ ಕಾಯ್ದಿಡುವ ದಫ್ತರವಿದು. ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಇದನ್ನು ರೂಪಿಸಿದರು. ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಒಂದು ಪುಟದ ಮೊತ್ತವನ್ನು ಮುಂದಿನ ಪುಟದ ತಲೆಗೆ ಬರೆಯುವ ಪದ್ಧತಿಯಿತ್ತು. ನಡುವಿನ ಪುಟವನ್ನು ತಿದ್ದಿದರೆ ಮುಂದಿನ ಮೊತ್ತಗಳೆಲ್ಲ ತಾಳೆ ತಪ್ಪುತ್ತಿದ್ದವು. ಗಿಟ್‌ನದೂ ಅದೇ ಉಪಾಯ. ಪ್ರತಿಯೊಂದು ದಾಖಲೆಯಿಂದಲೂ ಎಸ್‌ಎಚ್‌ಎ-1 ಎಂಬ ಗಣಿತ ವಿಧಾನದಿಂದ 40 ಅಂಕಿ-ಅಕ್ಷರಗಳ ಬೆರಳಚ್ಚೊಂದನ್ನು ತೆಗೆಯಲಾಗುತ್ತದೆ. ಹಿಂದಿನ ತಿದ್ದುಪಡಿಯ ಬೆರಳಚ್ಚು ಮುಂದಿನದರೊಳಗೆ ಸೇರಿರುತ್ತದೆ. ಆದರೆ ಮೊತ್ತ ಬರೆದಿಟ್ಟರೆ ಸಾಲದು, ಯಾರಾದರೂ ಅದನ್ನು ಕೂಡಿ ನೋಡಬೇಕು. ಇಡೀ ಭಂಡಾರವನ್ನು ಹೀಗೆ ತಪಾಸಣೆ ಮಾಡಲು ‘ಗಿಟ್ ಎಫ್‌ಎಸ್‌ಸಿಕೆ’ ಎಂಬ ಆದೇಶವಿದೆ. ನಮ್ಮ ಸಂಸ್ಥೆಯಲ್ಲಿ ಅದನ್ನು ಯಾರೂ, ನಾನೂ ಸೇರಿದಂತೆ, ಒಮ್ಮೆಯೂ ಬಳಸಿರಲಿಲ್ಲ.

ತಾಳೆ ನೋಡುವ ಅಭ್ಯಾಸ ಎಷ್ಟು ದೊಡ್ಡ ಅನಾಹುತವನ್ನು ತಡೆಯಬಲ್ಲುದೆಂಬುದಕ್ಕೆ 2003ರ ನವೆಂಬರ್‌ನ ಪ್ರಸಂಗವೊಂದು ಸಾಕ್ಷಿ. ಆಗ ಲಿನಕ್ಸ್ ಕರ್ನೆಲ್‌ನ ಮೂಲ ಪ್ರತಿ ‘ಬಿಟ್‌ಕೀಪರ್’ ಎಂಬ ವ್ಯವಸ್ಥೆಯಲ್ಲಿತ್ತು. ಅದನ್ನು ಬಳಸದವರಿಗಾಗಿ ‘ಸಿವಿಎಸ್’ನಲ್ಲಿ ಇನ್ನೊಂದು ಪ್ರತಿಯಿತ್ತು. ಯಾರೋ ಆ ಎರಡನೆಯ ಪ್ರತಿಯೊಳಗೆ ಎರಡು ಸಾಲುಗಳನ್ನು ನುಸುಳಿಸಿದರು. ‘ಈ ಬಳಕೆದಾರ ಸರ್ವಾಧಿಕಾರಿಯೇ?’ ಎಂದು ಕೇಳುವಂತೆ ತೋರುತ್ತಿದ್ದ ಕಡೆ ಎರಡು ಸಮಚಿಹ್ನೆಗಳ ಬದಲು ಒಂದನ್ನೇ ಹಾಕಲಾಗಿತ್ತು. ಅದರ ಅರ್ಥ ‘ಈ ಬಳಕೆದಾರನನ್ನು ಸರ್ವಾಧಿಕಾರಿಯಾಗಿ ಮಾಡು’ ಎಂದಾಗುತ್ತಿತ್ತು. ಮೂಲದಲ್ಲಿಲ್ಲದ ಸಾಲು ನಕಲಿನಲ್ಲಿದೆಯೆಂಬುದು ಎರಡು ಪ್ರತಿಗಳನ್ನು ತಾಳೆ ನೋಡಿದ್ದರಿಂದಲೇ ಬೆಳಕಿಗೆ ಬಂತು.

ಹತ್ತು ವರ್ಷಗಳ ತರುವಾಯ, 2013ರ ಮಾರ್ಚ್‌ನಲ್ಲಿ, ಕೆಡಿಇ ಎಂಬ ಮುಕ್ತ ತಂತ್ರಾಂಶ ಯೋಜನೆಗೆ ನಮ್ಮಂಥದೇ ಗತಿ ಒದಗಿತು. ಮುಖ್ಯ ಸರ್ವರಿನ ಕಡತ ವ್ಯವಸ್ಥೆ ಕೆಟ್ಟಿತು. ಅಲ್ಲಿದ್ದ ಭಂಡಾರಗಳು ಸುಮಾರು 1,500. ಪ್ರತಿಬಿಂಬ ಸರ್ವರುಗಳು ಮೂಲವು ಹೇಳಿದ್ದನ್ನೆಲ್ಲ ನಂಬಿ ತಾವೂ ಕೆಟ್ಟವು. ಸುಸ್ಥಿತಿಯಲ್ಲಿ ಉಳಿದಿದ್ದ ಒಂದು ಸರ್ವರಿನ ಪ್ರತಿಯೇ ಕೊನೆಗೆ ಯೋಜನೆಯನ್ನು ಉಳಿಸಿತು.

ಇನ್ನು ಡಿಫಾಲ್ಟ್‌ನ, ಅಂದರೆ ತಯಾರಕರೇ ಮೊದಲೇ ನಿಗದಿಪಡಿಸಿ ಕೊಡುವ ಹೊಂದಿಕೆಯ ವಿಚಾರ. ಹೊರಗಿನಿಂದ ಬರುವ ದಾಖಲೆಗಳ ರಚನೆ ಸರಿಯಾಗಿದೆಯೇ, ಅವುಗಳಲ್ಲಿ ಕುತ್ಸಿತವಾದದ್ದೇನಾದರೂ ಅಡಗಿದೆಯೇ ಎಂದು ಪರೀಕ್ಷಿಸುವ ಸೌಲಭ್ಯ ಗಿಟ್‌ನಲ್ಲಿದೆ. ಆದರೆ ಬಳಕೆದಾರ ಕೇಳಿಕೊಂಡಲ್ಲದೆ ಅದು ಕೆಲಸ ಮಾಡುವುದಿಲ್ಲ. 2018ರಲ್ಲಿ, ಉಪಭಂಡಾರಗಳ ಹೆಸರಿನೊಳಗೆ ದುಷ್ಟ ಮಾರ್ಗವನ್ನು ಹುದುಗಿಸಿ ಪರರ ಗಣಕದಲ್ಲಿ ತಮ್ಮ ಆದೇಶ ನಡೆಸಬಹುದಾದ ದೋಷವೊಂದು ಪತ್ತೆಯಾಯಿತು. ಗಿಟ್ 2.17.1 ಅದನ್ನು ಸರಿಪಡಿಸಿತು. ಜೊತೆಗೆ, ಈ ಪರೀಕ್ಷೆಯನ್ನು ಚಾಲನೆಯಲ್ಲಿಟ್ಟ ಸರ್ವರುಗಳು ಅಂಥ ಭಂಡಾರವನ್ನು ಬಾಗಿಲಲ್ಲೇ ತಡೆಯುವಂತಾಯಿತು.

ಹಾಗಾದರೆ ಅದನ್ನು ಎಲ್ಲರಿಗೂ ಏಕೆ ಕಡ್ಡಾಯ ಮಾಡಲಿಲ್ಲ? ಕಾರಣ ಅಸಡ್ಡೆಯಲ್ಲ. ಅನೇಕ ಹಳೆಯ ಯೋಜನೆಗಳ ಇತಿಹಾಸದಲ್ಲಿ ನಿರುಪದ್ರವಿಯಾದ ಸಣ್ಣಪುಟ್ಟ ದೋಷಗಳಿವೆ: ತಪ್ಪಾಗಿ ಬರೆದ ದಿನಾಂಕ, ಅರ್ಧಂಬರ್ಧ ವಿಳಾಸ. ಪರೀಕ್ಷೆ ಕಟ್ಟುನಿಟ್ಟಾದರೆ ಅಂಥ ಭಂಡಾರಗಳನ್ನು ಪಡೆಯುವುದೇ ನಿಂತುಹೋಗುತ್ತದೆ. ಬಿಗಿ ಅತಿಯಾದಾಗ ಏನಾಗುತ್ತದೆಂಬುದನ್ನು 2022ರಲ್ಲಿ ನಾನೇ ಕಂಡೆ. ಬೇರೊಬ್ಬರ ಒಡೆತನದ ಕಡತಕೋಶದಲ್ಲಿ ಕೆಲಸ ಮಾಡಲು ಗಿಟ್ ಆ ವರ್ಷದ ಏಪ್ರಿಲ್‌ನಿಂದ ನಿರಾಕರಿಸತೊಡಗಿತು. ಉದ್ದೇಶ ಒಳ್ಳೆಯದೇ. ಆದರೆ ಕೆಲಸ ನಿಂತ ಸಿಟ್ಟಿಗೆ ನನ್ನ ಸುತ್ತಲಿನವರು ಎಲ್ಲ ಕೋಶಗಳನ್ನೂ ನಂಬುವಂತೆ ನಕ್ಷತ್ರ ಚಿಹ್ನೆಯೊಂದನ್ನು ಹಾಕಿ ಮುಂದೆ ಸಾಗಿದರು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆಯೂ ಇದೆ. 2017ರ ಫೆಬ್ರುವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆ ಹಾಗೂ ಗೂಗಲ್‌ನ ಸಂಶೋಧಕರು, ಎರಡು ಬೇರೆ ಬೇರೆ ಪಿಡಿಎಫ್ ಕಡತಗಳಿಗೆ ಒಂದೇ ಎಸ್‌ಎಚ್‌ಎ-1 ಬೆರಳಚ್ಚು ಬರುವಂತೆ ಮಾಡಿ ತೋರಿಸಿದರು. ಆ ಕಡತಗಳನ್ನು ಪರೀಕ್ಷೆಗೆಂದು ಸೇರಿಸಿದ್ದರಿಂದ ವೆಬ್‌ಕಿಟ್ ಯೋಜನೆಯ ಸಬ್‌ವರ್ಷನ್ ಭಂಡಾರವೇ ಕಂಗೆಟ್ಟಿತು. ಮೇ ತಿಂಗಳಲ್ಲಿ ಬಂದ ಗಿಟ್ 2.13, ಇಂಥ ಕೃತಕ ಬೆರಳಚ್ಚುಗಳನ್ನು ಗುರುತಿಸುವ ವಿಧಾನವನ್ನು ಡಿಫಾಲ್ಟ್ ಆಗಿಯೇ ಅಳವಡಿಸಿಕೊಂಡಿತು. ಯಾರೂ ಯಾವ ಗುಂಡಿಯನ್ನೂ ಒತ್ತಬೇಕಾಗಲಿಲ್ಲ. ಸದ್ದಿಲ್ಲದೆ ಎಲ್ಲರಿಗೂ ರಕ್ಷಣೆ ದೊರೆಯಿತು.

ಡಿಫಾಲ್ಟ್ ಎಂಬುದು ತಟಸ್ಥವಾದದ್ದೆಂದು ನಾವು ಭಾವಿಸಿದ್ದೇವೆ. ವಾಸ್ತವದಲ್ಲಿ ಅದು ಬಳಕೆದಾರರ ಪರವಾಗಿ ಬೇರೆ ಯಾರೋ ಕೈಗೊಂಡ ನಿರ್ಧಾರ. ಬಹುಪಾಲು ಜನ ಅದನ್ನು ಬದಲಿಸುವುದಿಲ್ಲ. ಅಂಥದೊಂದು ಇದೆಯೆಂಬುದೇ ಅನೇಕರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಹಳೆಯ ಸಣ್ಣ ದೋಷಗಳಿಗೆ ವಿನಾಯಿತಿ ನೀಡಿ, ಅಪಾಯಕಾರಿಯಾದುದನ್ನು ಮಾತ್ರ ತಡೆಯುವ ಪರೀಕ್ಷೆ ತಾನಾಗಿಯೇ ನಡೆಯುವಂತಿರಬೇಕು. ಬೇಡವೆನ್ನುವವರು ಕಾರಣ ತಿಳಿದು ನಿಲ್ಲಿಸಿಕೊಳ್ಳಲಿ. ಅಲ್ಲಿಯವರೆಗೆ, ಬ್ಯಾಂಕು, ಆಸ್ಪತ್ರೆ, ಸರ್ಕಾರಿ ಕಚೇರಿಗಳ ತಂತ್ರಾಂಶವನ್ನು ಕಾಯುತ್ತಿರುವ ನನ್ನಂಥವರು ತಾವೇ ಅದನ್ನು ಚಾಲನೆಗೊಳಿಸುವುದು ಕರ್ತವ್ಯ.

ಆ ಘಟನೆಯ ಮರುದಿನ ನಮ್ಮ ರಾತ್ರಿಯ ಏರ್ಪಾಡಿಗೆ ನಾವು ಸೇರಿಸಿದ್ದು ಒಂದೇ ಒಂದು ಸಾಲು: ಮೊದಲು ತಪಾಸಣೆ, ಆಮೇಲೆ ನಕಲು. ಅದನ್ನು ಬರೆಯಲು ಹಿಡಿದದ್ದು ಒಂದು ನಿಮಿಷ. ಅದಿಲ್ಲದೆ ಎಷ್ಟು ತಿಂಗಳು ನಿಶ್ಚಿಂತೆಯಿಂದ ಮಲಗಿದ್ದೆವೆಂಬುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.